ಕೆಚ್ಚುವ ಚೆನ್ನವ್ವನ ಬೆರಳು

ಇಚಲಕರಂಜಿಯ ನಮ್ಮ ಓಣಿಯಲ್ಲಿ ನಮ್ಮವ್ವ ಚೆನ್ನವ್ವ ಬರದೆ ಯಾವ ಕೈಮಗ್ಗಕ್ಕೂ ಹೊಸ ಹಾಸಿನ ನೂಲು ಏರುತ್ತಿರಲಿಲ್ಲ. ಸೀರೆ ನೇಯ್ದು ಮುಗಿದ ಮೇಲೆ ಮಗ್ಗದಲ್ಲಿ ಉಳಿದ ಹಳೆಯ ನೂಲಿನ ತುದಿಗಳಿಗೆ ಹೊಸ ಹಾಸಿನ ತುದಿಗಳನ್ನು ಎಳೆ ಎಳೆಯಾಗಿ ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಅವ್ವ ಬೆರಳಿಗೆ ಚಿಟಿಕೆ ಬೂದಿ ಹಚ್ಚಿಕೊಂಡು, ಮಂದಿಯ ಮನೆಯ ಸುದ್ದಿಯನ್ನೆಲ್ಲ ಆಡುತ್ತ, ನೂಲಿನ ಕಡೆ ನೋಡದೆಯೇ ಕೆಚ್ಚುತ್ತಿದ್ದಳು. ಅಪ್ಪ ತೀರಿದ ಮೇಲೆ ನಾವಿಬ್ಬರೂ ತಿಂದದ್ದು ಆ ಬೆರಳು ದುಡಿದ ರೊಟ್ಟಿ.

ಅರವತ್ತೊಂದನೆಯ ಇಸವಿಯ ಚಳಿಗಾಲದಲ್ಲಿ ಅವಳು ನೂಲು ನೋಡಿ ಕೆಚ್ಚತೊಡಗಿದಳು. ಮಾತು ನಿಂತಿತು. ನನಗೇಕೋ ಅಂಜಿಕೆ ಹತ್ತಿತು. ಒಂದು ದಿನ ಒಲೆಯಿಂದ ಉರುಳಿದ ಕೆಂಡವನ್ನು ಬರಿಗೈಯಿಂದ ಎತ್ತಿ ಒಳಗೆ ಹಾಕಿದಳು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ಅವಳಿಗೆ ಏನೂ ಆದಂತಿರಲಿಲ್ಲ.

"ಯವ್ವಾ, ಕೈ!" ಎಂದು ಚೀರಿದೆ.

"ಸುಮ್ನಿರ ತಂಗೆವ್ವ, ಓಣಿಗೆಲ್ಲಾ ಕೇಳೂವಂಗ ಒದರಬ್ಯಾಡ." ಕುಪ್ಪಸದ ತೋಳು ಸರಿಸಿ ಮೊಣಕೈ ಹತ್ತಿರದ ಬಿಳಿಚಿದ ಮಚ್ಚೆ ತೋರಿಸಿದಳು. "ನಿನ್ನ ಸಾಕರಪುಡಾ ಒಂದ ಆಗಲಿ. ಆಮ್ಯಾಗ ನಾ ಎಲ್ಲಿಗರ ಹೋಗ್ತೇನಿ."

ದೊಡ್ಡ ರೋಗ, ಕುಷ್ಠ! ಆ ಹೆಸರು ಕೇಳಿದರೆ ಸಾಕು, ಮಂದಿ ಮನುಷ್ಯರನ್ನು ಊರ ಹೊರಗೆ ಅಟ್ಟುತ್ತಿದ್ದರು. ಅಂಥ ಮನೆಯ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ? ನನ್ನನ್ನು ಕೇಳಿದ್ದವಳು ಸುಶೀಲಾಬಾಯಿ, ಮಗ ಸಿದ್ರಾಮನಿಗೆ. ಅವಳ ಮನೆಯ ಸೀರೆಗಳು ಕೊಲ್ಲಾಪುರದ ಅಂಗಡಿಗಳಿಗೂ ಗಡಹಿಂಗ್ಲಜ ಸಂತೆಗೂ ಹೋಗುತ್ತಿದ್ದವು. ಅವಳ ಬಾಯಿಗೆ ಅಂಜಿ ಆ ಅಂಗಳದಲ್ಲಿ ನಾಯಿ ಕೂಡ ಬೊಗಳುತ್ತಿರಲಿಲ್ಲ.

ಸಾಕರಪುಡಾ ಎಂಬ ಲಗ್ನ ನಿಶ್ಚಯಕ್ಕೆ ಇನ್ನೂ ವಾರವಿರುವಾಗ ಕೆಚ್ಚಲು ಕರೆ ಬಂದದ್ದು ಆ ಮನೆಯಿಂದಲೇ. ಒಲ್ಲೆನೆಂದರೆ ಯಾಕೆಂದು ಕೇಳುತ್ತಾರೆ. ಎಳೆ ಎತ್ತಿಕೊಡಲು ನಾನೂ ಹೋದೆ. ಲಗ್ನಕ್ಕೆ ಮೊದಲೇ ಅತ್ತೆಯ ಮನೆ ಹೊಕ್ಕಳೆಂದು ಓಣಿ ನಕ್ಕರೆ ನಗಲಿ!

ಬೆರಳಿಗೆ ಗೊತ್ತಾಗದ್ದನ್ನು ಅವ್ವ ತುಟಿಯಿಂದ ತಿಳಿಯುತ್ತಿದ್ದಳು. ಎಳೆ ಹೊಸೆದು, ಕೂಡಿದೆಯೋ ಇಲ್ಲವೋ ಎಂದು ಕೆಳತುಟಿಗೆ ತಾಗಿಸಿ ನೋಡುವುದು, ಮತ್ತೆ ಮುಂದಿನ ಎಳೆ. ಸಡಿಲು ಬಿಟ್ಟರೆ ನೂಲು ಕಳಚಿ ಮಗ್ಗ ನಿಲ್ಲುತ್ತದೆ, ಗುಟ್ಟು ಬಯಲಾಗುತ್ತದೆ. ಯಾರಾದರೂ ಈ ಕಡೆ ಬಂದಾರೇನೋ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಬಂದೇ ಬಂದಳು ಸುಶೀಲಾಬಾಯಿ.

"ಏ ಚೆನ್ನವ್ವಾ! ನೂಲೆಲ್ಲಾ ಎಂಜಲಾ ಮಾಡಾಕತ್ತೀಯಲ್ಲ! ಮಂದಿ ಲಗ್ನಕ್ಕ ಉಡೂ ಸೀರಿ ಅವು!"

"ತಪ್ಪಾತ್ರೀ ಬಾಯಿ. ಚಟಾ ಬಿದ್ದೈತಿ," ಎಂದು ಅವ್ವ ತಲೆ ತಗ್ಗಿಸಿದಳು. ತನ್ನ ಕೆಲಸದಲ್ಲಿ ತಪ್ಪು ಹುಡುಕಿದವರನ್ನು ಓಣಿಯುದ್ದಕ್ಕೂ ಬೈಯುತ್ತ ಹೋಗುತ್ತಿದ್ದವಳು!

ಗೊಣಗುತ್ತಲೇ ಒಳಗೆ ಹೋದ ಸುಶೀಲಾಬಾಯಿ ಚಹಾ ತಂದಳು. ಒಲೆಯ ಮೇಲಿಂದ ಆಗಷ್ಟೇ ಇಳಿಸಿದ್ದು. ಹಿತ್ತಾಳೆ ಲೋಟಗಳನ್ನು ಸೆರಗಿನಲ್ಲಿ ಹಿಡಿದಿದ್ದರೂ ಅವಳ ಕೈ ಚುರುಗುಟ್ಟುತ್ತಿತ್ತು. ನನ್ನ ಲೋಟವನ್ನು ನೆಲಕ್ಕಿಟ್ಟಳು. ಅವ್ವ ಮಾತ್ರ ಕೈ ಚಾಚಿ, ಇಡೀ ಅಂಗೈಯಿಂದ ಲೋಟವನ್ನು ಸುತ್ತಿ ಹಿಡಿದಳು. ಹಿಡಿದೇ ಕುಳಿತಳು.

ಸುಶೀಲಾಬಾಯಿಯ ಕಣ್ಣು ಆ ಕೈಯಲ್ಲೇ ನಿಂತಿತು. ಅದು ಕಂಡು ಅವ್ವ ಗಾಬರಿಯಾಗಿ ಲೋಟ ಕೆಳಗಿಟ್ಟಳು.

"ಚಹಾ... ಭಾಳ ಬಿಸಿ ಐತ್ರೀ," ಎಂದಳು. ಆಗಲೇ ಅಂಗೈ ಕೆಂಪಾಗಿ ಬೊಬ್ಬೆ ಏಳುತ್ತಿತ್ತು.

ಸುಶೀಲಾಬಾಯಿ ಹೋಗಿ ಬಾಗಿಲು ಹಾಕಿದಳು. ಅವ್ವನ ಕೈ ಎಳೆದು ನೋಡಿದಳು, ತೋಳು ಸರಿಸಿ ಮಚ್ಚೆ ನೋಡಿದಳು.

"ಅವ್ವಗ ಏನೂ ಆಗಿಲ್ರೀ!" ಎಂದೆ.

"ನೀ ಬಾಯಿ ಮುಚ್ಚ."

ಮುಗಿಯಿತು, ಎಲ್ಲ ಮುಗಿಯಿತು ಅಂದುಕೊಂಡೆ. ಲಗ್ನ ಮುರಿದರೆ ಮುರಿಯಲಿ, ಅವ್ವನನ್ನು ಎಲ್ಲಿಗೆ ಅಟ್ಟುತ್ತಾರೋ ಎಂದು ಅವಳಿಗೆ ಒತ್ತಿ ಕುಳಿತೆ. ಅವ್ವ ಅಳಲೂ ಇಲ್ಲ, ಅರ್ಧ ಕೆಚ್ಚಿದ ಹಾಸನ್ನೇ ನೋಡುತ್ತಿದ್ದಳು.

ಸುಶೀಲಾಬಾಯಿ ಒಂದು ಬಶಿ ತಂದಳು. ಅವ್ವನ ಚಹಾವನ್ನು ಅದಕ್ಕೆ ಸುರಿದು ಊದಿದಳು. ಆರಿದೆಯೋ ಇಲ್ಲವೋ ಎಂದು ತನ್ನ ಕೆಳತುಟಿಗೆ ತಾಗಿಸಿ ನೋಡಿದಳು. ಆಮೇಲೆ ಅದನ್ನು ಅವ್ವನ ಮುಂದೆ ಹಿಡಿದಳು.

"ಕುಡೀ. ಆರೈತಿ. ಸಾಕರಪುಡಾ ಗುರುವಾರನ ಆಗತೈತಿ. ಶುಕ್ರವಾರ ನಾವಿಬ್ರೂ ಮಿರಜಿಗೆ ಹೋಗೂಣು, ದಾಕ್ತರ ಗುಳಿಗಿ ಕೊಡ್ತಾರ. ಯಾರರ ಕೇಳಿದ್ರ ನನ್ನ ಮೊಣಕಾಲ ಬ್ಯಾನಿಗೆ ಹೋಗೇವಂತ ಹೇಳ."

ಆಗ ಅತ್ತಳು ನಮ್ಮವ್ವ.

ಗುಳಿಗೆಯಿಂದ ರೋಗ ನಿಂತಿತು, ಬೆರಳಿಗೆ ಮಾತ್ರ ಅರಿವು ಮರಳಲಿಲ್ಲ. ಅವಳು ಮತ್ತೆ ಕೆಚ್ಚಲಿಲ್ಲ. ನನ್ನ ಅತ್ತೆಯ ಬಾಯಿಯೂ ಮೆತ್ತಗಾಗಲಿಲ್ಲ, ಸಾಯುವತನಕ ನನ್ನನ್ನು ಬೈದಳು. ಆದರೆ ಅವ್ವ ಬಂದಾಗಲೆಲ್ಲ ಬಶಿಯನ್ನು ಮೊದಲು ತನ್ನ ತುಟಿಗೆ ತಾಗಿಸಿಯೇ ಕೊಡುತ್ತಿದ್ದಳು.

"ಏನ್ರೀ, ಬೀಗತಿಗೆ ಎಂಜಲ ಚಹಾ ಕೊಡ್ತೀರಿ?" ಎಂದು ಮಂದಿ ನಕ್ಕರೆ ಸಿಡಿಯುತ್ತಿದ್ದಳು:

"ಆಕಿ ನಾಲಗಿ ನಾಜೂಕ ಐತಿ. ನಿಮಗೇನ ಮಾಡೂದೈತಿ?"