ಗಾಡಿ ಹತ್ತಿದ ತಿಪ್ಪೆ

ಹುಣಸೂರಿಗೆ ಸಂಸಾರ ಹೂಡಲು ಬಂದ ಮೊದಲ ಬೆಳಿಗ್ಗೆಯೇ ನಾನು "ಕಳ್ಳ, ಕಳ್ಳ!" ಎಂದು ಕೂಗಿ ಇಡೀ ಮೊಹಲ್ಲವನ್ನು ಎಬ್ಬಿಸಿದೆ. ಇಲ್ಲಿ ಕೇರಿಗೆ ಮೊಹಲ್ಲ ಅನ್ನುತ್ತಾರೆ. ನಗಬೇಡಿ. ಯಾರೋ ಹಿತ್ತಲಿಗೆ ನುಗ್ಗಿ, ಮನೆಯ ಜೊತೆಗೇ ನಮಗೆ ಬಂದಿದ್ದ ತಿಪ್ಪೆಯನ್ನು ಗೋರಿ ಗಾಡಿಗೆ ತುಂಬುತ್ತಿದ್ದ. ನಮ್ಮ ಕಟ್ಟೆಮಳಲವಾಡಿಯಲ್ಲಿ ಒಂದು ಮಂಕರಿ ಗೊಬ್ಬರ ಕದ್ದರೂ ಪಂಚಾಯ್ತಿ ಸೇರುವುದಿಲ್ಲವೆ? ಹೆಣ್ಣು ಕೊಡುವವರು ಮೊದಲು ತಿಪ್ಪೆ ನೋಡಿ, ಆಮೇಲೆ ತಾನೆ ಗಂಡಿನ ಮುಖ ನೋಡುವುದು?

"ಅಯ್ಯೋ ತಾಯಿ, ಕಸ ಕದಿಯೋಕೆ ನಂಗೇನ್ ದೆವ್ವ ಮೆಟ್ಕಂಡದಾ? ಮುನಿಸಿಪಾಲ್ಟಿಯೋರು ಕಳಿಸವ್ರೆ ಕಣವ್ವ" ಎಂದ ಗಾಡಿ ಮಾದಯ್ಯ. ಹದಿನೈದು ದಿನಕ್ಕೊಮ್ಮೆ ಅವನು ಹಿತ್ತಲಿಗೇ ಬರುವುದು ಇಲ್ಲಿಯ ವಾಡಿಕೆಯಂತೆ. ನನಗೆ ನಾಚಿಕೆಯಾಯಿತು.

ಆ ವಾಡಿಕೆಗೆ ನಾನು ಒಗ್ಗುವಷ್ಟರಲ್ಲಿ ಅದೂ ಬದಲಾಯಿತು. ಹಿತ್ತಲಲ್ಲಿ ತಿಪ್ಪೆ ಹಾಕಕೂಡದು, ದಿನಾ ಬೆಳಿಗ್ಗೆ ದೊಡ್ಡ ರಸ್ತೆಯ ತೊಟ್ಟಿಗೆ ಕಸ ತಂದು ಸುರಿಯಬೇಕು ಎಂದು ತಮಟೆ ಹೊಡೆಸಿದರು. ಪಕ್ಕದ ಮನೆಯ ಫಾತಿಮಾಬಿ, ಗಾಡಿಚಕ್ರ ಮಾಡುವ ಸಾಹೇಬರ ಹೆಂಡತಿ, ಗೋಷಾದವರು. ಹೊಸ್ತಿಲು ದಾಟುವುದೇ ಅಪರೂಪ. "ಯಾ ಅಲ್ಲಾ! ಬುಟ್ಟಿ ಹೊತ್ಕೊಂಡು ನಾನು ರಸ್ತೆಗೆ ಹೋಗ್ಲಾ? ಅರ್ಜಿ ಬರಿಯವ್ವ ನೀನು" ಎಂದರು. ಆ ಕೇರಿಯ ಹೆಂಗಸರಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೆ.

ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಕೊಟ್ಟಿಗೆಯ ಸಗಣಿ. ಎಲ್ಲರ ತಕರಾರನ್ನೂ ಬರೆದೆ. ನನ್ನದನ್ನು ಬರೆಯಲು ಮಾತ್ರ ಕೈ ಬರಲಿಲ್ಲ. ಊರಿನಲ್ಲಿ ಹೆತ್ತ ಎರಡು ಕೂಸುಗಳನ್ನು ಮಣ್ಣು ಮಾಡಿ ಬಂದವಳು ನಾನು. ಮೂರನೆಯದು ಹೊಟ್ಟೆಯಲ್ಲಿತ್ತು. "ಈ ಸಲ ಇಲ್ಲಿ ಹೆರಬ್ಯಾಡ ಮಗಾ. ಅಲ್ಲೇ ತಿಪ್ಪೆ ಮ್ಯಾಲೆ ಮಲಗ್ಸಿ ತಿಪ್ಪಮ್ಮ, ತಿಪ್ಪಯ್ಯ ಅಂತ ಕೂಗು. ಕಸ ಅಂತ ಬಿಸಾಕಿದ್ದನ್ನ ಜವರಾಯ ಮುಟ್ಟಾಕಿಲ್ಲ" ಎಂದಿದ್ದಳು ಅವ್ವ. ಈಗ ತಿಪ್ಪೆಯೇ ಇಲ್ಲವಲ್ಲ! ಕೊನೆಗೆ ಅರ್ಜಿಯ ಬುಡದಲ್ಲಿ, "ನನ್ನ ಕೂಸಿಗೆ ಒಂದು ತಿಪ್ಪೆ ಬೇಕು ಸ್ವಾಮಿ" ಎಂದು ಸೇರಿಸಿದೆ.

ಅರ್ಧ ಗೆದ್ದೆವು. ಇನ್ನು ದಿನಾ ಗಾಡಿ ಗಂಟೆ ಬಾರಿಸಿಕೊಂಡು ಮನೆಬಾಗಿಲಿಗೆ ಬರುವುದಂತೆ. ತಿಪ್ಪೆ ಮಾತ್ರ ಕೂಡದಂತೆ. ಎಲ್ಲರೂ ನನ್ನನ್ನು ಹೊಗಳಿದರು. ನಾನು ಒಲೆ ಮುಂದೆ ಕೂತು ಅತ್ತೆ.

ಹೆಣ್ಣು ಹುಟ್ಟಿತು. ಹೆಸರಿಡುವ ದಿನ ಬೆಳಿಗ್ಗೆ ಗಂಟೆ ಕೇಳಿ ಹೊರಗೆ ಬಂದರೆ, ಗಾಡಿಯ ತುಂಬ ಹೊಸ ಹುಲ್ಲು, ಸಗಣಿ, ಬೂದಿ. "ಎಲ್ಲಾರ್ ಮನೇಲೂ ಒಂದೊಂದ್ ಹಿಡಿ ಈಸ್ಕೊಂಡ್ ಬಂದಿವ್ನಿ. ಇಡೀ ಮೊಹಲ್ಲದ್ ತಿಪ್ಪೆ ಕಣವ್ವ ಇದು. ಮಲಗ್ಸು" ಎಂದ ಮಾದಯ್ಯ. ಅರ್ಜಿಯ ಕೊನೆಯ ಸಾಲು ಅವನ ಕಿವಿಗೂ ಬಿದ್ದಿತ್ತು. ಮೊರದಲ್ಲಿ ಕೂಸನ್ನು ಮಲಗಿಸಿ ಗಾಡಿಯ ಮೇಲಿಟ್ಟೆ. ತಿಪ್ಪೆಯಿಂದ ಎತ್ತಿಕೊಳ್ಳುವವರು ಬೇರೆಯವರೇ ಆಗಬೇಕು. ಯಾರು ಎಂದು ನೋಡುತ್ತಿದ್ದಂತೆ ಫಾತಿಮಾಬಿ ಬುರ್ಖಾ ಹೊದ್ದು ಬೀದಿಗೆ ಇಳಿದೇ ಬಿಟ್ಟರು. "ಸಿಕ್ಕಿದ್ ಮಗು ನಂದು. ಏನ್ ಕೊಡ್ತೀಯ?" ಎಂದರು. ಪದ್ಧತಿಯಂತೆ ಒಂದು ಹಿಡಿ ತೌಡು ಕೊಟ್ಟು ನನ್ನ ಕೂಸನ್ನೇ ಕೊಂಡುಕೊಂಡೆ. ಹಣೆಗೆ ಮುತ್ತಿಟ್ಟು ಮಗುವನ್ನು ನನ್ನ ಕೈಗೆ ಹಾಕಿದರು. ಅಷ್ಟು ಪ್ರೀತಿ ನನಗೆ ಊರಿನಲ್ಲೂ ಸಿಕ್ಕಿರಲಿಲ್ಲ, ಹೇಳಿಬಿಡುತ್ತೇನೆ.

ತಿಪ್ಪಮ್ಮನಿಗೆ ಈಗ ಐದು ವರ್ಷ. ಈ ದೀಪಾವಳಿಗೆ ಅವ್ವನ ಮನೆಗೆ ಹೋಗಿದ್ದೆವು. ಸಂಜೆ ತಿಪ್ಪೆಗೆ ಇಡಲು ಅವ್ವ ಎರಡು ಹಣತೆ ಕೊಟ್ಟಳು. ನನ್ನದನ್ನು ಹಚ್ಚಿದೆ. ಅಲ್ಲಿಯ ಮಣ್ಣಿನಲ್ಲಿ ಮಲಗಿರುವ ಎರಡು ಕೂಸುಗಳು ನೆನಪಾಗಿ ಕಣ್ಣು ತುಂಬಿತು. ಮಗಳು ಮಾತ್ರ ಹಣತೆ ಇಡಲೊಲ್ಲಳು.

"ಇದು ನಿನ್ ತಿಪ್ಪೆ ಕಣವ್ವ. ನಂದು ಗಾಡೀಲದೆ" ಎಂದಳು ನನಗೆ.

ನಮ್ಮವ್ವನ ಮುಖ ಸಪ್ಪಗಾಯಿತು. ಆಮೇಲೆ ಅವಳೇ ಆ ಹಣತೆಯನ್ನು ಒರೆಸಿ ನನ್ನ ಸೆರಗಿನ ತುದಿಗೆ ಕಟ್ಟಿದಳು. "ತಗಂಡೋಗು. ಕೂಸ್ನ ಉಳಿಸ್ಕೊಟ್ಟ ತಿಪ್ಪೆ ಅದು" ಎಂದಳು.

ಹುಣಸೂರಿಗೆ ಮರಳಿದ ಮಾರನೆಯ ಬೆಳಿಗ್ಗೆ ಗಂಟೆ ಕೇಳಿಸಿತು. ಮಾದಯ್ಯ ಎತ್ತುಗಳನ್ನು ಹಿಡಿದು ನಿಂತ. ಮಗಳು ಗಾಡಿಯ ಅಂಚಿನಲ್ಲಿ ಹಣತೆ ಇಟ್ಟಳು, ನಾನು ಎಣ್ಣೆ ಹುಯ್ದೆ.