ಪಂಕ್ತಿ ಏಳುವ ಮೊದಲು

ಇದು ನಿನ್ನಿಂದ ಆಗದು ಎಂದು ಮೊದಲು ಹೇಳಿದವರು ನನ್ನ ಸೋದರಮಾವ. ಕೊಪ್ಪ, ಶೃಂಗೇರಿ ಕಡೆಯ ಮದುವೆಮನೆಗಳಲ್ಲಿ ಅಡುಗೆ ಮಾಡುವವರು. ಅಪ್ಪ ಇಲ್ಲದ ನನ್ನನ್ನು ಡಿಗ್ರಿವರೆಗೆ ಓದಿಸಿದವರೂ ಅವರೇ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೊಬ್ಬಳೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

"ಡಿಗ್ರಿ ಆಯ್ತಲ್ಲ, ಸಾಕು ಮಾರಾಯ್ತಿ. ಬ್ಯಾಂಕಿನ ದೊಡ್ಡ ಮಿಷನ್ ನಡೆಸೋದು ಅಂದ್ರೆ ಎಂತ, ಸಾರಿಗೆ ಒಗ್ಗರಣೆ ಹಾಕಿದ ಹಾಗಾ? ನಮ್ಮಂಥವರಿಗೆ ಅದೆಲ್ಲ ಆಗೋದಲ್ಲ."

ಆ ಮಿಷನ್ ಅಂದರೆ ಮೇನ್‌ಫ್ರೇಮ್, ಸಾವಿರಾರು ಜನರ ಲೆಕ್ಕವನ್ನು ಒಟ್ಟಿಗೆ ನಡೆಸುವ ದೊಡ್ಡ ಕಂಪ್ಯೂಟರ್. ಕೊಪ್ಪದ ಒಂದು ತರಬೇತಿ ಕೇಂದ್ರದಲ್ಲಿ ಕೂತು, ಎಲ್ಲೋ ದೂರದಲ್ಲಿರುವ ಅದನ್ನು ನಡೆಸಲು ಕಲಿಯುತ್ತಿದ್ದೆ. ಎಲ್ಲರಿಗೂ ಬೇಕಾಗುವ ಪ್ರೋಗ್ರಾಂಗಳನ್ನು ಅದು ಒಬ್ಬೊಬ್ಬರಿಗೆ ಒಂದೊಂದು ಇಡುವುದಿಲ್ಲ. ಮೆಮೊರಿಯಲ್ಲಿ ಎಲ್ಲರಿಗೂ ಸೇರಿದ ಜಾಗವೊಂದಿದೆ. ಅಲ್ಲಿ ಒಂದೇ ಪ್ರತಿ. ಯಾರೂ ಅದನ್ನು ತಿದ್ದಬಾರದು, ತಮ್ಮ ಲೆಕ್ಕ ತಮ್ಮ ಜಾಗದಲ್ಲೇ ಮಾಡಿಕೊಳ್ಳಬೇಕು. ಮಾವನ ಹುಳಿಯ ಕೊಳಗ ಒಂದೇ, ಎಲೆ ಅವರವರದು. ಇಷ್ಟು ನನಗೆ ಬೇಗ ತಲೆಗೆ ಹೋಯಿತು.

ಎಡವಿದ್ದು ಪರೀಕ್ಷೆಯಲ್ಲಿ. ಮಿಷನ್ನಿನಲ್ಲಿ ಕೆಲಸಗಳು ನಡೆಯುತ್ತಿರುವಾಗಲೇ ಒಂದು ಪ್ರೋಗ್ರಾಂನ ಹಳೆಯ ಪ್ರತಿಯ ಬದಲು ಹೊಸದನ್ನು ತರಬೇಕಿತ್ತು. ಹೊಸದನ್ನು ಸೇರಿಸಿದೆ, ಕೂಡಲೇ ಹಳೆಯದನ್ನು ಅಳಿಸಿದೆ. ಚಿಕ್ಕಂದಿನಿಂದ ಮಾವನ ಜೊತೆ ಬಡಿಸಲು ಹೋದವಳು ನಾನು. ಬಿಸಿ ಹುಳಿ ಬಂತೋ, ಹಳೆಯ ಬಕೆಟ್ ತೊಳೆಯಲು ಹೋಗಬೇಕು. ಕೈ ತನ್ನ ರೂಢಿಯಂತೆ ನಡೆದುಕೊಂಡಿತು. ಆದರೆ ಹಳೆಯ ಪ್ರತಿಯಲ್ಲಿ ಇನ್ನೂ ಒಂದು ಕೆಲಸ ಓಡುತ್ತಿತ್ತು. ಅದು ನಡುವೆಯೇ ಮುರಿದುಬಿತ್ತು.

"ಇನ್ನೊಂದೇ ಅವಕಾಶ," ಎಂದರು ಕಲಿಸುವ ಮೇಡಂ. ಪಾಸಾದರೆ ಅಲ್ಲೇ ಕೆಲಸ. ಇಲ್ಲವಾದರೆ ಮತ್ತೆ ಬಕೆಟ್ಟು.

ಆ ವಾರ ಎನ್.ಆರ್. ಪುರದಲ್ಲಿ ಒಂದು ಮದುವೆ. ಮುಖ ಊದಿಸಿಕೊಂಡೇ ಬಡಿಸಲು ಹೋದೆ. ಮಜ್ಜಿಗೆ ಬಡಿಸಿಯೂ ಆಗಿತ್ತು. ಹಲ್ಲಿಲ್ಲದ ಅಜ್ಜಿಯೊಬ್ಬರು ಮಾತ್ರ ಅನ್ನ ಕಿವುಚುತ್ತಾ ಕೂತಿದ್ದರು. ಅವರಿಗಾಗಿ ಪಂಕ್ತಿಯಲ್ಲಿ ಯಾರೂ ಎದ್ದಿರಲಿಲ್ಲ. ಬಾಗಿಲಲ್ಲಿ ಮುಂದಿನ ಪಂಕ್ತಿಯ ನೂಕುನುಗ್ಗಲು.

"ಅಜ್ಜಿಗೆ ಸ್ವಲ್ಪ ಬೇಗ ಅಂತ ಹೇಳ್ಲಾ ಮಾವ?"

"ಎಂತ ಹುಡುಗಿ ನೀನು! ಉಣ್ಣೋರನ್ನ ಎಬ್ಬಿಸ್ತಾರಾ? ಹೊಸಬ್ರಿಗೆ ಆಚೆ ಚಪ್ಪರದಲ್ಲಿ ಎಲೆ ಹಾಕು, ಹೋಗು. ಅಜ್ಜೀ, ನಿಧಾನಕ್ಕೆ ಉಣ್ಣಿ."

ಮಜ್ಜಿಗೆ ಚೊಂಬು ಹಿಡಿದು ನಾನು ಅಲ್ಲೇ ನಿಂತುಬಿಟ್ಟೆ.

"ಎಂತಕ್ಕೆ ನಗೋದು? ಎಲೆ ಹಾಕು ಅಂದೆ!"

ಎರಡನೆಯ ಪರೀಕ್ಷೆಯಲ್ಲಿ ಹೊಸ ಪ್ರತಿ ಸೇರಿಸಿ ಕೈಕಟ್ಟಿ ಕೂತೆ. ಹೊಸದಾಗಿ ಬಂದ ಕೆಲಸಗಳೆಲ್ಲ ಹೊಸದಕ್ಕೆ ಹೋದವು. ಹಳೆಯದನ್ನು ಮುಟ್ಟಲಿಲ್ಲ.

"ಯಾಕೆ ಸುಮ್ಮನೆ ಕೂತಿದ್ದೀರಿ?" ಎಂದರು ಮೇಡಂ.

"ಅಜ್ಜಿ ಇನ್ನೂ ಉಣ್ತಾ ಇದ್ದಾರೆ ಮೇಡಂ," ಎಂದುಬಿಟ್ಟೆ. ಆಮೇಲೆ ನಾಲಿಗೆ ಕಚ್ಚಿಕೊಂಡು, ಹಳೆಯದರಲ್ಲಿ ಒಂದು ಕೆಲಸ ಬಾಕಿಯಿದೆ ಎಂದು ವಿವರಿಸಿದೆ. ಅದು ಮುಗಿಯಿತು. ಆಗ ಅಳಿಸಿದೆ. ಏನೂ ಮುರಿದುಬೀಳಲಿಲ್ಲ.

ಸರ್ಟಿಫಿಕೇಟನ್ನು ಮೇಡಂ ಕೈಯಿಂದ ಪಡೆದವಳು ನೇರ ಮಾವನ ಅಡುಗೆಮನೆಗೆ ಹೋಗಿ ಅವರ ಕೈಗಿಟ್ಟೆ. ಅವರು ಹೆಗಲ ಟವೆಲಿಗೆ ಎರಡೆರಡು ಸಲ ಕೈ ಒರೆಸಿ, ಅಂಚಿನಲ್ಲಷ್ಟೇ ಹಿಡಿದುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಎಲೆ ತಂದು ಹಾಸಿದರು.

"ಆಗೋದಲ್ಲ ಅಂದವ ನಾನೇ ಅಲ್ವಾ? ಕೂತ್ಕೊ ಮಾರಾಯ್ತಿ. ಇವತ್ತು ನಾ ಬಡಿಸ್ತೀನಿ. ನಿಧಾನಕ್ಕೆ ಉಣ್ಣು."