ಪಕ್ಕದ ಮನೆಯವರ ನಿದ್ದೆ

ನಲವತ್ತು ದಾಟಿದ ಮೇಲೆ ನನಗೆ ಹಾರ್ಮೋನಿಯಂ ಕಲಿಯುವ ಹುಚ್ಚು ಹತ್ತಿತು. ತೊಂಬತ್ತರ ದಶಕದ ಕೊನೆ. ವಾಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಭಾನುವಾರ ಚಿತ್ತಾಪುರಕ್ಕೆ ಹೋಗಿ, ಗುಡಿಯ ಭಜನೆಗೆ ಪೇಟಿ ನುಡಿಸುತ್ತಿದ್ದ ಹಿರಿಯರೊಬ್ಬರ ಮುಂದೆ ಕೂಡುತ್ತಿದ್ದೆ. ಅವರು ಒಂದೇ ಒಂದು ದೇವರ ಪದ ಕೊಟ್ಟು, "ಇದು ಕೈಗೆ ಕೂಡೂತನಕ ಬ್ಯಾರೇದು ಕೇಳಬ್ಯಾಡ್ರಿ" ಎಂದಿದ್ದರು. ನನ್ನ ಬೆರಳುಗಳೋ, ಹಟಮಾರಿ ಎಮ್ಮೆಗಳು. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವವರೆಗೂ ಆ ಪದವನ್ನು ಹಿಂಸಿಸುತ್ತಿದ್ದೆ. ಹೆಂಡತಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು.

ನಮ್ಮದು ಸಾಲುಮನೆ, ನಮಗೂ ಪಕ್ಕದವರಿಗೂ ನಡುವೆ ಒಂದೇ ಗೋಡೆ. ಆ ಮನೆಯ ಯಜಮಾನರು ರೈಲ್ವೆ ಯಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುತ್ತಿದ್ದರು. ಅವರ ನಿದ್ದೆಯ ವಿಚಾರ ನನ್ನ ತಲೆಗೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು. ತಕರಾರಿದ್ದರೆ ಅವರೇ ಹೇಳುತ್ತಾರೆ ಬಿಡು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ನಮ್ಮ ಪತ್ರಿಕೆ ಅವರ ಬಾಗಿಲಿಗೆ ಬಿದ್ದಿತ್ತು. ನುಡಿಸುವುದನ್ನು ನಡುವೆಯೇ ಬಿಟ್ಟು ತರಲು ಹೋದೆ. ತೆರೆದ ಬಾಗಿಲೊಳಗೆ ಹಾಸಿಗೆ ಹಾಸಿಯೇ ಇತ್ತು. ಯಜಮಾನರು ಮಾತ್ರ ನೆಲದ ಮೇಲೆ, ನಮ್ಮ ಗೋಡೆಯ ಕಡೆ ಮುಖ ಮಾಡಿ, ಕೈಮುಗಿದು ಕೂತಿದ್ದರು. ತೂಕಡಿಸಿ ತಲೆ ಎದೆಗೆ ಬೀಳುತ್ತಿತ್ತು, ಬೆಚ್ಚಿ ಎತ್ತುತ್ತಿದ್ದರು.

"ಭಜನಿ ಮುಗೀತೇನ್ರಿ ಮಾಸ್ತರ್ರ?" ಅವರ ಹೆಂಡತಿ ಮೆಲ್ಲಗೆ ಕೇಳಿದರು. "ದೇವರ ಪದ ನಡೆದಾಗ ಕಾಲ ಚಾಚಿ ಮಲಗಬಾರದಲ್ರಿ. ದಿನಾ ಹಿಂಗೇ ಕುಂದರ್ತಾರ."

"ಅದು ಭಜನಿ ಅಲ್ರಿ ಅಕ್ಕಾ, ಬರೇ ಕಲೀಲಿಕತ್ತೀನಿ."

"ಪದ ದೇವರದೇ ಅಲ್ಲೇನ್ರಿ?"

ಪತ್ರಿಕೆ ಎತ್ತಿಕೊಂಡು ಮನೆಗೆ ಬಂದೆ. ರಾತ್ರಿಯೆಲ್ಲ ದುಡಿದು ಬಂದ ಮನುಷ್ಯನ ನಿದ್ದೆಯನ್ನು ತಿಂಗಳುಗಟ್ಟಲೆ ತಿಂದಿದ್ದೆ. ನಾಚಿಕೆಯಿಂದ ಮೈ ಹಿಡಿಯಾಯಿತು. ಅಂದಿನಿಂದ ಪೇಟಿ ಮುಟ್ಟಲಿಲ್ಲ.

ಕೆಲ ದಿನಕ್ಕೆ ಯಜಮಾನರೇ ನಮ್ಮ ಬಾಗಿಲಿಗೆ ಬಂದರು. "ಯಾಕ್ರಿ ಮಾಸ್ತರ್ರ, ಭಜನಿ ನಿಂತದ? ನಮ್ಮಿಂದ ಏನರ ತಪ್ಪಾತೇನು?"

ನಿಮ್ಮ ನಿದ್ದೆಗಾಗಿ ನಿಲ್ಲಿಸಿದೆ ಎಂದರೆ, ತನ್ನಿಂದ ದೇವರ ಪದ ನಿಂತಿತಲ್ಲ ಎಂದು ಮತ್ತೂ ನೊಂದುಕೊಳ್ಳುವ ಜೀವ ಅದು. ಗಾಬರಿಯಲ್ಲಿ ಪೇಟಿ ಕೆಟ್ಟಿದೆ ಎಂದುಬಿಟ್ಟೆ.

ಮರುದಿನ ಶಾಲೆಯಿಂದ ಬಂದರೆ ಮನೆಯಲ್ಲಿ ಪೇಟಿಯೇ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಪಕ್ಕದ ಯಜಮಾನರು, ನಾನು ಶಾಲೆಗೆ ಹೊರಟ ಮೇಲೆ ನನ್ನ ಹೆಂಡತಿಯ ಹತ್ತಿರ ಕೇಳಿ ಪಡೆದು, ಹೆಗಲ ಮೇಲೆ ಹೊತ್ತು, ರೈಲು ಹತ್ತಿ ಗುಲ್ಬರ್ಗಾಕ್ಕೆ ಒಯ್ದಿದ್ದರು. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು. ಕಣ್ಣು ಕೆಂಪಾಗಿದ್ದವು, ಮುಖದ ತುಂಬ ನಗು.

"ಏನೂ ಕೆಟ್ಟಿಲ್ಲಂತ್ರಿ! ರಿಪೇರಿಯವ ಎಲ್ಲಾ ಬಿಚ್ಚಿ ನೋಡ್ಯಾನ, ಭಾಳ ಚಲೋ ಅದ ಅಂದ. ನಾ ಡ್ಯೂಟಿಗಿ ಹೋಗೂದ್ರಾಗ ಒಮ್ಮೆ ನುಡಸ್ರಿ."

ಚಪ್ಪಲಿ ಹೊರಗೆ ಬಿಟ್ಟು ಬಂದು ನೆಟ್ಟಗೆ ಕೂತು ಕೈಮುಗಿದರು. ನುಡಿಸಿದೆ, ಮತ್ತೇನು ಮಾಡಲಿ? ತಪ್ಪು ಸ್ವರಕ್ಕೂ ಅವರು ತಲೆದೂಗಿದರು. ಆಮೇಲೆ ಬುತ್ತಿಯ ಡಬ್ಬಿ ಹಿಡಿದುಕೊಂಡು, ಅರೆಗಳಿಗೆಯೂ ಮಲಗದೆ, ರಾತ್ರಿ ಪಾಳಿಗೆ ನಡೆದರು.